ಬೆಲೆಬಾಳುವ ಹುಸಿ ಎರೆ: ಕೊಳ್ಳಬೇಕೆ, ಬೇಡವೆ?

ಗಾಳದ ಹವ್ಯಾಸವುಳ್ಳ ನಮ್ಮವರು ಮುಂಬಯಿಯಲ್ಲಿ ಕಡಿಮೆಯಿಲ್ಲ. ಉಡುಪಿ, ಕುಂದಾಪುರ, ಕಾರವಾರಗಳ ಕಡೆಯಿಂದ ಬಂದು ಇಲ್ಲಿಯ ಹೋಟೆಲುಗಳಲ್ಲಿಯೂ ಕಚೇರಿಗಳಲ್ಲಿಯೂ ದುಡಿಯುವವರಲ್ಲಿ ಎಷ್ಟೋ ಮಂದಿ ಬಾಲ್ಯದಲ್ಲಿ ಹೊಳೆಯ ದಂಡೆಯ ಮೇಲೆ ಬಿದಿರಿನ ಕೋಲು ಹಿಡಿದು ಕುಳಿತವರೇ ಆಗಿದ್ದಾರೆ. ವಾರದ ರಜೆ ಬಂದಿತೆಂದರೆ ಬಾಂದ್ರಾದ ಬಂಡೆಗಳಿಗೋ, ಮಾರ್ವೆಯ ಖಾಡಿಗೋ, ಕೈಯಲ್ಲಿ ಸ್ವಲ್ಪ ದುಡ್ಡಿದ್ದರೆ ದೋಣಿ ಹತ್ತಿ ಉರಣ, ಅಲಿಬಾಗಗಳಿಗೋ ಅವರ ಕಾಲು ತಾನಾಗಿಯೇ ಎಳೆಯುತ್ತದೆ. ಆದರೆ ಊರಿನಲ್ಲಿ ಎರೆಹುಳುವನ್ನೋ ಸಿಗಡಿಯನ್ನೋ ಗಾಳಕ್ಕೆ ಸಿಕ್ಕಿಸುತ್ತಿದ್ದವರ ಕೈಯಲ್ಲಿ ಈಗ ಕಾಣುವ ವಸ್ತುವೇ ಬೇರೆ. ಬೆರಳುದ್ದದ ಮೀನಿನ ಆಕೃತಿ, ಕನ್ನಡಿಯಂತೆ ಹೊಳೆಯುವ ಮೈ, ಉಬ್ಬಿದ ಕಣ್ಣು, ಹೊಟ್ಟೆಯ ಕೆಳಗೆ ಮೂರು ಮೊನೆಯ ಎರಡು ಗಾಳ. ಅಂಗಡಿಯವರು ಇದನ್ನು ‘ಲೂರ್’ ಎನ್ನುತ್ತಾರೆ. ತಿನ್ನುವುದಕ್ಕೆ ಬಾರದೆ ಮೀನನ್ನು ಮರುಳುಗೊಳಿಸುವುದಷ್ಟೇ ಇದರ ಕೆಲಸವಾದುದರಿಂದ ನಾವು ಹುಸಿ ಎರೆಯೆಂದು ಕರೆಯೋಣ.

ಈ ಹುಸಿ ಎರೆಯ ಬೆಲೆಯನ್ನು ಕೇಳಿದರೆ ಊರಿನ ಹಿರಿಯರು “ಎಂಥದು ಮಾರಾಯ, ಇದು ಮೀನು ಹಿಡಿಯುವುದಕ್ಕೋ, ಕಪಾಟಿನಲ್ಲಿಡುವುದಕ್ಕೋ?” ಎಂದಾರು. ಹೆಸರಿಲ್ಲದ ಚೀನಾ ಮಾಲು ಸಾಮಾನ್ಯವಾಗಿ ೧೦೦ರಿಂದ ೨೦೦ ರೂಪಾಯಿಗೆ ದೊರೆಯುತ್ತದೆ. ಫಿನ್ಲೆಂಡಿನ ರಾಪಾಲಾದಂತಹ ಹಳೆಯ ಹೆಸರಿನ ಎರೆಗೆ ೫೦೦ರಿಂದ ೧೦೦೦ ರೂಪಾಯಿಯವರೆಗೆ ತೆರಬೇಕು. ಜಪಾನಿನ ಹೆಸರಾಂತ ಕಾರಖಾನೆಗಳದ್ದಾದರೆ ೧೫೦೦, ೨೦೦೦ ದಾಟುವುದೂ ಉಂಟು. ಅದೇ ದೇಶದಲ್ಲಿ ಕೈಯಿಂದ ಮಾಡಿದ ದೊಡ್ಡ ಎರೆಗಳಿಗೆ ನೂರಾರು ಡಾಲರು ಕೊಡುವ ಶ್ರೀಮಂತರಿದ್ದಾರೆ. ಅವರ ವಿಚಾರ ನಮಗೆ ಬೇಡ. ತಿಂಗಳ ಸಂಬಳದಲ್ಲಿ ಊರಿಗೆ ಕಳುಹಿಸುವುದನ್ನು ಕಳುಹಿಸಿ, ಕೋಣೆಯ ಬಾಡಿಗೆ ಕೊಟ್ಟು, ಉಳಿದುದರಲ್ಲಿ ತನ್ನ ಒಂದು ಸಂತೋಷಕ್ಕೆಂದು ಏನನ್ನಾದರೂ ಕೊಳ್ಳುವವನು ೧೦೦೦ ರೂಪಾಯಿಯ ಎರೆಯನ್ನು ಕೊಳ್ಳುವುದು ನ್ಯಾಯವೇ ಎಂಬುದು ಇಲ್ಲಿರುವ ಪ್ರಶ್ನೆ.

ಮೊದಲು ಮೀನು ಏನನ್ನು ಕಾಣುತ್ತದೆಂಬುದನ್ನು ನೋಡಬೇಕು. ನೀರು ಬೆಳಕಿನ ಬಣ್ಣಗಳನ್ನು ಒಂದೊಂದಾಗಿ ನುಂಗುತ್ತ ಹೋಗುತ್ತದೆ. ಮೊಟ್ಟಮೊದಲು ಅಳಿಯುವುದು ಕೆಂಪು. ತಿಳಿನೀರಿನಲ್ಲಿಯೇ ಕೆಲವು ಮಾರು ಇಳಿದರೆ ಕೆಂಪು ಬಣ್ಣವು ಮಸಕಾಗಿ ಕಪ್ಪಿನಂತೆ ತೋರುತ್ತದೆ. ಮುಂಬಯಿಯ ಖಾಡಿಗಳ ಕೆಸರು ನೀರಿನಲ್ಲಂತೂ ಒಂದು ಮೊಳದ ಆಚೆಗೆ ಯಾವ ಬಣ್ಣವೂ ಸ್ಪಷ್ಟವಾಗಿ ಕಾಣುವುದಿಲ್ಲ. ಹೀಗಿರುವಾಗ ಅಂಗಡಿಯ ದೀಪದ ಕೆಳಗೆ ಏಳು ಬಣ್ಣಗಳಿಂದ ಮಿನುಗುವ ಎರೆಯ ಸೊಬಗು ಮೀನನ್ನು ತಲಪುವುದೇ ಇಲ್ಲ. ತಲಪುವುದು ಅದರ ಅಲುಗಾಟ. ಅಡಿಗೆಮನೆಯಲ್ಲಿ ಮೀನನ್ನು ಸ್ವಚ್ಛಗೊಳಿಸಿದವರೆಲ್ಲರೂ ಅದರ ಮೈಯ ಎರಡು ಪಕ್ಕಗಳಲ್ಲಿ ಕಿವಿರಿನ ಹಿಂದಿನಿಂದ ಬಾಲದವರೆಗೆ ಎಳೆದ ಒಂದು ಗೆರೆಯನ್ನು ಕಂಡಿರುತ್ತಾರೆ. ಅದು ಬರಿಯ ಅಲಂಕಾರವಲ್ಲ. ನೀರಿನ ಅತಿ ಸಣ್ಣ ಕಂಪನವನ್ನೂ ಗ್ರಹಿಸುವ ಇಂದ್ರಿಯವದು. ಕತ್ತಲಲ್ಲಿಯೂ ರಾಡಿಯಲ್ಲಿಯೂ ಬೇಟೆಮೀನು ತನ್ನ ಆಹಾರ ಎತ್ತ ಹೋಗುತ್ತಿದೆಯೆಂಬುದನ್ನು ಆ ಗೆರೆಯಿಂದಲೇ ಅರಿಯುತ್ತದೆ. ಎಂದಮೇಲೆ ಎರೆಯ ಜೀವವೆಲ್ಲ ಅದರ ನಡಿಗೆಯಲ್ಲಿದೆಯೇ ಹೊರತು ಉಡುಗೆಯಲ್ಲಿಲ್ಲ.

ಇದನ್ನು ಚೆನ್ನಾಗಿ ಅರಿತಿದ್ದವನು ಫಿನ್ಲೆಂಡಿನ ಬಡ ಬೆಸ್ತ ಲೌರಿ ರಾಪಾಲಾ. ಇಂದು ಜಗತ್ತಿನ ಎಲ್ಲ ಗಾಳಗಾರರೂ ಬಲ್ಲ ಆ ಹೆಸರಿನ ಹಿಂದೆ ಇರುವುದು ಬಡತನದ ಕಥೆಯೇ. ಪೈಯೆನ್ನೆ ಎಂಬ ದೊಡ್ಡ ಸರೋವರದಲ್ಲಿ ಅವನು ಉದ್ದನೆಯ ಹಗ್ಗಕ್ಕೆ ನೂರಾರು ಗಾಳಗಳನ್ನು ಕಟ್ಟಿ, ಪ್ರತಿಯೊಂದಕ್ಕೂ ಸಣ್ಣ ಮೀನನ್ನು ಸಿಕ್ಕಿಸಿ ಬಿಡುತ್ತಿದ್ದನು. ಎರೆಯನ್ನು ಹಿಡಿಯುವುದರಲ್ಲಿಯೇ ದಿನದ ಬಹುಭಾಗ ಕಳೆಯುತ್ತಿತ್ತು. ದೋಣಿಯಲ್ಲಿ ಕುಳಿತು ಗಮನಿಸಿದಾಗ ಒಂದು ಸಂಗತಿ ಅವನ ಕಣ್ಣಿಗೆ ಬಿದ್ದಿತು: ದೊಡ್ಡ ಮೀನು ಗುಂಪಿನೊಳಕ್ಕೆ ನುಗ್ಗಿದಾಗ ಎಲ್ಲವನ್ನೂ ಬಿಟ್ಟು, ಗಾಯಗೊಂಡು ವಾಲಿಕೊಂಡು ಈಜುವ ಒಂದನ್ನೇ ಆರಿಸಿ ನುಂಗುತ್ತದೆ. ೧೯೩೬ರಲ್ಲಿ ಅವನು ಆ ಕುಂಟು ನಡಿಗೆಯನ್ನು ಅನುಕರಿಸುವ ಎರೆಯೊಂದನ್ನು ಚಾಕುವಿನಿಂದ ಕೆತ್ತಿದನು. ಮೈಗೆ ಬೆಂಡು, ಹೊಳಪಿಗೆ ತಿಂಡಿಯ ಪೊಟ್ಟಣದ ತವರದ ಹಾಳೆ, ಅರಗು ಕೊಳ್ಳಲು ಹಣವಿಲ್ಲದುದರಿಂದ ಹಳೆಯ ಛಾಯಾಚಿತ್ರದ ಫಿಲ್ಮನ್ನು ಕರಗಿಸಿ ಬಳಿದ ಲೇಪ. ಇಷ್ಟೇ ಬಂಡವಾಳ. ಮುಂದೆ ೧೯೬೨ರ ಆಗಸ್ಟಿನಲ್ಲಿ ಅಮೆರಿಕದ ‘ಲೈಫ್’ ಪತ್ರಿಕೆಯು ಈ ಎರೆಯ ವಿಷಯವಾಗಿ ಲೇಖನವೊಂದನ್ನು ಪ್ರಕಟಿಸಿತು. ನಟಿ ಮೆರಿಲಿನ್ ಮನ್ರೋ ಆ ತಿಂಗಳ ಮೊದಲಲ್ಲಿ ತೀರಿಕೊಂಡಿದ್ದಳು. ಆಕೆಯ ಚಿತ್ರವಿದ್ದ ಆ ಸಂಚಿಕೆಯನ್ನು ಕೊಳ್ಳಲು ಜನ ಮುಗಿಬಿದ್ದರು. ಅದರೊಡನೆ ರಾಪಾಲಾನ ಕಥೆಯೂ ಮನೆಮನೆಗೆ ಹೋಯಿತು. ಆ ದಿನಗಳಲ್ಲಿ ಎರೆ ಸಾಕಷ್ಟು ದೊರೆಯದೆ, ಕೆಲವು ಅಂಗಡಿಗಳವರು ಠೇವಣಿ ಇರಿಸಿಕೊಂಡು ದಿನಬಾಡಿಗೆಗೆ ಕೊಡುತ್ತಿದ್ದರೆಂದೂ ಹೇಳುತ್ತಾರೆ. ಬೆಂಡಿನ ತುಂಡಿಗೆ ಬೆಲೆ ಬಂದುದು ಹೀಗೆ. ಆದರೆ ಅದು ಮೀನು ಹಿಡಿದುದು ಬೆಲೆ ಬರುವುದಕ್ಕೂ ಮೊದಲೇ ಎಂಬುದನ್ನು ಮರೆಯಲಾಗದು.

ಇನ್ನೂ ಹಿಂದಕ್ಕೆ ಹೋದರೆ ಚಮಚದ ಎರೆಯ ಕಥೆಯಿದೆ. ಅಮೆರಿಕದ ಜೂಲಿಯೋ ಬುಯೆಲ್ ಎಂಬವನು ದೋಣಿಯಲ್ಲಿ ಊಟಮಾಡುತ್ತಿದ್ದಾಗ ಕೈಯಿಂದ ಚಮಚ ಜಾರಿ ನೀರಿಗೆ ಬಿದ್ದಿತಂತೆ. ಅದು ಮಿನುಗುತ್ತ ಓಲಾಡುತ್ತ ಇಳಿಯುವಾಗ ದೊಡ್ಡ ಮೀನೊಂದು ಬಂದು ಕಚ್ಚಿತಂತೆ. ಕಥೆ ಎಷ್ಟು ನಿಜವೋ, ೧೮೫೨ರಲ್ಲಿ ಅವನು ಚಮಚದ ಎರೆಗೆ ಸರ್ಕಾರದ ಹಕ್ಕುಪತ್ರವನ್ನು ಪಡೆದುದಂತೂ ನಿಜ. ಹಿಡಿಯನ್ನು ಕತ್ತರಿಸಿ, ಎರಡು ತುದಿಗೂ ತೂತು ಕೊರೆದು, ಒಂದಕ್ಕೆ ದಾರವನ್ನೂ ಇನ್ನೊಂದಕ್ಕೆ ಗಾಳವನ್ನೂ ಬಳೆಯಿಂದ ಜೋಡಿಸಿದರೆ ಆಯಿತು. ಎಳೆದಾಗ ಚಮಚ ಅತ್ತಿತ್ತ ಹೊರಳಿ ಮೀನಿನಂತೆ ಮಿಂಚುತ್ತದೆ. ನಮ್ಮ ಹೋಟೆಲು ಬಂಧುಗಳು ಇದನ್ನು ಓದಿದ ಕೂಡಲೇ ಕೌಂಟರಿನ ಚಮಚಗಳತ್ತ ಕಣ್ಣು ಹಾಯಿಸಬಾರದೆಂದು ವಿನಂತಿ. ಧನಿಗಳು ರಾತ್ರಿ ಎಣಿಸುತ್ತಾರೆ.

ಚಮಚದ ಎರೆಯು ನಮ್ಮ ನಾಡಿಗೂ ಹೊಸದಲ್ಲ. ದಕ್ಷಿಣ ಕನ್ನಡ ಜಿಲ್ಲೆಯ ಕಲೆಕ್ಟರನಾಗಿದ್ದ ಹೆನ್ರಿ ಸಲಿವನ್ ಥಾಮಸ್ ಎಂಬ ಆಂಗ್ಲ ಅಧಿಕಾರಿಯು ಭಾರತದಲ್ಲಿ ಗಾಳ ಹಾಕುವ ವಿಷಯದಲ್ಲಿ ‘ದಿ ರಾಡ್ ಇನ್ ಇಂಡಿಯಾ’ ಎಂಬ ದೊಡ್ಡ ಗ್ರಂಥವನ್ನು ಬರೆದನು. ಅದು ಅಚ್ಚಾದುದು ಲಂಡನ್ನಿನಲ್ಲಲ್ಲ, ೧೮೭೩ರಲ್ಲಿ, ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ. ಗಾಳದ ಸಾಹಿತ್ಯದಲ್ಲಿ ಇಂದಿಗೂ ಹೆಸರುಳ್ಳ ಪುಸ್ತಕವೊಂದು ನಮ್ಮ ಕರಾವಳಿಯಿಂದ ಹೊರಟಿತೆಂಬುದು ಹೆಮ್ಮೆಯ ಮಾತಲ್ಲವೆ?

ನಮ್ಮ ನಾಡಿನ ಇನ್ನೊಂದು ಸಂಗತಿಯನ್ನಂತೂ ದುಬಾರಿ ಎರೆಯ ಭಕ್ತರು ಕಡ್ಡಾಯವಾಗಿ ಕೇಳಬೇಕು. ಕಾವೇರಿಯ ಗೂನುಬೆನ್ನಿನ ಮಹಶೀರ್ ಮೀನು ಐವತ್ತು ಕಿಲೋಗ್ರಾಮಿನವರೆಗೂ ಬೆಳೆಯುವ ಬಲಶಾಲಿ. ೧೯೭೦ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನಿಂದ ಬಂದ ಮೂವರು ಗಾಳಗಾರರು ಈ ಮೀನಿನ ಸುದ್ದಿಯನ್ನು ಮತ್ತೆ ಜಗತ್ತಿಗೆ ಸಾರಿದ ಮೇಲೆ ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಾಕಳಿಗಳ ಮಡುಗಳಿಗೆ ದೇಶ ದೇಶಗಳಿಂದ ಜನ ಬರತೊಡಗಿದರು. ಸಾವಿರಾರು ಮೈಲಿ ಹಾರಿಬಂದು, ಬೆಲೆಬಾಳುವ ಕೋಲು ಗಿರಕಿಗಳನ್ನು ಜೋಡಿಸಿಕೊಂಡು ನಿಂತ ಆ ಪರದೇಶಿಗಳ ಗಾಳಕ್ಕೆ ನಮ್ಮ ಹಳ್ಳಿಯ ಸಹಾಯಕರು ಸಿಕ್ಕಿಸುತ್ತಿದ್ದ ಎರೆ ಯಾವುದು? ರಾಗಿ! ರಾಗಿಹಿಟ್ಟನ್ನು ಗಟ್ಟಿಯಾಗಿ ಕಲಸಿ, ಬೇಯಿಸಿ, ನೀರಿನಲ್ಲಿ ಕರಗದಂತೆ ಬಿಗಿಯಾಗಿ ಕಟ್ಟಿದ ಉಂಡೆ. ಆ ನದಿಯ ಮಹಾಮೀನುಗಳಲ್ಲಿ ಎಷ್ಟೋ ಈ ಉಂಡೆಗೇ ಬಿದ್ದಿವೆ. ಆ ಮೀನಿಗೆ ೨೦೧೮ರಲ್ಲಿ ‘ಟಾರ್ ರೆಮಾದೇವಿ’ ಎಂಬ ಶಾಸ್ತ್ರೀಯ ಹೆಸರು ನಿಶ್ಚಯವಾಯಿತು. ಅದೇ ವರ್ಷ ಅದು ಅಳಿವಿನ ಅಂಚಿಗೆ ಬಂದ ಜೀವಿಗಳ ಪಟ್ಟಿಗೂ ಸೇರಿತು. ಕಾವೇರಿ ವನ್ಯಧಾಮದೊಳಗಿನ ಆ ಮಡುಗಳಲ್ಲಿ ಹಿಂದಿನಂತೆ ಗಾಳದ ಆಟಕ್ಕೆ ಅವಕಾಶವಿಲ್ಲ. ಇರಬಾರದೆಂಬುದೇ ನಮ್ಮ ಮತವೂ ಆಗಿದೆ.

ಲಕ್ಷದ್ವೀಪದ ಮಿನಿಕಾಯ್ ದ್ವೀಪದವರ ಕ್ರಮವೂ ಇಲ್ಲಿ ನೆನೆಯತಕ್ಕದ್ದು. ಅವರು ಸಣ್ಣ ಜೀವಂತ ಮೀನುಗಳನ್ನು ಕಡಲಿಗೆ ಎರಚಿ, ದೋಣಿಯ ಹಿಂದಿನಿಂದ ಮಳೆಯ ಹನಿಯಂತೆ ನೀರು ಚಿಮುಕಿಸಿ, ಟ್ಯೂನಾ ಮೀನುಗಳು ಹುಚ್ಚೆದ್ದು ಮೇಲೆ ಬಂದಾಗ ಬರಿಯ ಹೊಳೆಯುವ ಗಾಳವನ್ನು ಇಳಿಬಿಡುತ್ತಾರೆ. ಆ ಗಾಳಕ್ಕೆ ಹಿಮ್ಮುಳ್ಳು ಕೂಡ ಇಲ್ಲ. ಮೀನು ಒಂದರ ಹಿಂದೊಂದು ದೋಣಿಗೆ ಬಂದು ಬೀಳುತ್ತವೆ. ಮೀನು ಇರುವ ಕಡೆ, ಅದು ಹಸಿದಿರುವ ಹೊತ್ತಿನಲ್ಲಿ, ಅದರ ಮುಂದೆ ಏನನ್ನು ಹಿಡಿದರೂ ನಡೆದೀತು.

ಹಾಗಾದರೆ ದುಬಾರಿ ಎರೆಗೆ ಕೊಟ್ಟ ಹಣವೆಲ್ಲ ಹೊಳೆಯಲ್ಲಿ ಹೋಮ ಮಾಡಿದಂತೆಯೇ? ಅಷ್ಟು ಸುಲಭವಾಗಿ ತೀರ್ಪು ಕೊಡುವಂತಿಲ್ಲ. ಒಳ್ಳೆಯ ಎರೆಯನ್ನು ಬಿಚ್ಚಿ ನೋಡಿದವರಿಗೆ ಹಣ ಹೋದ ದಾರಿ ಸ್ವಲ್ಪಮಟ್ಟಿಗೆ ಕಾಣುತ್ತದೆ. ದಾರ ಕಟ್ಟುವ ಮೂಗಿನ ಉಂಗುರದಿಂದ ಬಾಲದ ಗಾಳದವರೆಗೆ ಒಂದೇ ಉಕ್ಕಿನ ತಂತಿ ಮೈಯೊಳಗೆ ಹಾದುಹೋಗಿರುತ್ತದೆ. ಮೈ ಒಡೆದರೂ ಮೀನು ತಪ್ಪದು. ಅಗ್ಗದ ಎಷ್ಟೋ ಎರೆಗಳಲ್ಲಿ ಉಂಗುರವನ್ನು ಪ್ಲಾಸ್ಟಿಕ್ಕಿನೊಳಕ್ಕೆ ತಿರುಪಿನಂತೆ ಚುಚ್ಚಿರುತ್ತಾರೆ, ಇಲ್ಲವೆ ಎರಡು ಹೋಳುಗಳ ನಡುವೆ ಅಂಟಿಸಿರುತ್ತಾರೆ. ಬಲವಾದ ಮೀನು ಜಗ್ಗಿದರೆ ಕಿತ್ತು ಬರುತ್ತದೆ. ಒಳ್ಳೆಯ ಎರೆಯ ಹೊಟ್ಟೆಯಲ್ಲಿ ಭಾರವಾದ ಗುಂಡು ಎಸೆಯುವಾಗ ಬಾಲದ ಕಡೆಗೆ ಜಾರಿ ದೂರಕ್ಕೆ ಒಯ್ಯುತ್ತದೆ, ಎಳೆಯುವಾಗ ಮತ್ತೆ ಮುಂದಕ್ಕೆ ಬರುತ್ತದೆ. ಬಂಡೆಯ ಮೇಲೆ ನಿಂತು ಅಲೆಗಳಾಚೆಗೆ ಎಸೆಯಬೇಕಾದವನಿಗೆ ಆ ಹತ್ತು ಹದಿನೈದು ಗಜಗಳು ದೊಡ್ಡ ಲಾಭವೇ ಸರಿ. ಎಲ್ಲಕ್ಕಿಂತ ಹೆಚ್ಚಾಗಿ, ಹೆಸರುಳ್ಳ ಎರೆಗಳು ಒಂದರಂತೆ ಇನ್ನೊಂದು ಈಜುತ್ತವೆ. ಅಗ್ಗದವು ಹಾಗಲ್ಲ, ಒಂದೇ ಪೆಟ್ಟಿಗೆಯ ಐದರಲ್ಲಿ ಎರಡು ನೆಟ್ಟಗೆ ಈಜಿದರೆ ಇನ್ನೆರಡು ಒಂದು ಪಕ್ಕಕ್ಕೆ ಮಲಗುತ್ತವೆ, ಐದನೆಯದು ಗಿರಗಿರನೆ ಸುತ್ತಿ ದಾರವನ್ನು ತಿರುಚುತ್ತದೆ.

ಈ ದೋಷಕ್ಕೆ ಮದ್ದಿಲ್ಲದಿಲ್ಲ. ಎರೆ ಎಡಕ್ಕೆ ಎಳೆಯುತ್ತಿದ್ದರೆ ಮೂಗಿನ ಉಂಗುರವನ್ನು ಇಕ್ಕುಳದಿಂದ ಕೂದಲೆಳೆಯಷ್ಟು ಬಲಕ್ಕೆ ಬಗ್ಗಿಸಬೇಕು. ಬಲಕ್ಕೆ ಎಳೆದರೆ ಎಡಕ್ಕೆ. ಮತ್ತೆ ಎಸೆದು ನೋಡಬೇಕು, ಮತ್ತೆ ಬಗ್ಗಿಸಬೇಕು. ತಾಳ್ಮೆಯುಳ್ಳವನು ೧೫೦ ರೂಪಾಯಿಯ ಎರೆಯನ್ನು ಹೀಗೆ ದಾರಿಗೆ ತಂದುಕೊಳ್ಳಬಲ್ಲನು. ಅದಾದ ಮೇಲೆ ಅದರೊಡನೆ ಬಂದ ಗಾಳಗಳನ್ನು ತೆಗೆದೆಸೆದು ಗಟ್ಟಿಯಾದವನ್ನು ಹಾಕಿಕೊಂಡನೆಂದರೆ ಖಾಡಿಯ ಮೀನಿಗೆ ಇದಕ್ಕೂ ೧೦೦೦ ರೂಪಾಯಿಯದಕ್ಕೂ ಭೇದ ತಿಳಿಯದು. ಗಾಳದ ಮಾತನ್ನು ಒತ್ತಿ ಹೇಳುತ್ತೇವೆ. ಇಲ್ಲಿಯ ಕೋಳಿಯರು ಜಿತಾಡವೆಂದು ಕರೆಯುವ ದೊಡ್ಡ ಬೇಟೆಮೀನು ಗಾಳ ತಗಲಿದೊಡನೆ ನೀರಿನಿಂದ ಮೇಲಕ್ಕೆ ನೆಗೆದು ತಲೆ ಕೊಡಹುತ್ತದೆ. ನಮ್ಮ ಕರಾವಳಿಯ ಕೆಂಬೇರಿಯಾದರೋ ಕಚ್ಚಿದ ಕ್ಷಣವೇ ಕಲ್ಲಿನ ಸಂದಿಗೆ ಓಡುತ್ತದೆ. ಇವೆರಡರ ಮುಂದೆ ಅಗ್ಗದ ಗಾಳ ನೆಟ್ಟಗಾಗಿ ಸೂಜಿಯಂತಾಗುತ್ತದೆ.

ಇನ್ನು ಲೆಕ್ಕ. ಗುಮಾಸ್ತೆ ಬಂಧುಗಳಿಗೆ ಇದು ಸಲೀಸು. ಬಂಡೆಗಳ ನಡುವೆ ಎರೆ ಎಸೆಯುವವನು ಎರೆಗಳನ್ನು ಕಳೆದುಕೊಳ್ಳುತ್ತಾನೆ. ಕಳೆದುಕೊಳ್ಳದವನು ಮೀನಿಲ್ಲದ ಕಡೆ ಎಸೆಯುತ್ತಿದ್ದಾನೆಂದೇ ತಿಳಿಯಬೇಕು. ಏಕೆಂದರೆ ಸಣ್ಣ ಮೀನುಗಳು ಅವಿತುಕೊಳ್ಳುವುದು ಕಲ್ಲಿನ ಬುಡದಲ್ಲಿ, ಅವನ್ನು ತಿನ್ನುವ ದೊಡ್ಡ ಮೀನು ಕಾಯುವುದೂ ಅಲ್ಲಿಯೇ. ತಿಂಗಳಿಗೆ ಎರಡು ಸಲ ಹೋಗಿ ಪ್ರತಿಸಲವೂ ಒಂದು ಎರೆ ಕಲ್ಲಿಗೆ ಸಿಕ್ಕಿ ಹರಿಯಿತೆಂದು ಇಟ್ಟುಕೊಳ್ಳೋಣ. ವರ್ಷಕ್ಕೆ ೨೪. ತಲಾ ೯೦೦ ರೂಪಾಯಿಯಂತೆ ೨೧,೬೦೦ ರೂಪಾಯಿ. ನಮ್ಮ ಎಷ್ಟೋ ಹುಡುಗರ ಒಂದು ತಿಂಗಳ ದುಡಿಮೆ ಅದರೊಳಗೆ ಮುಳುಗಿತು. ತಲಾ ೧೫೦ರಂತಾದರೆ ೩,೬೦೦. ನಡುವಣ ಅಂತರ ೧೮,೦೦೦ ರೂಪಾಯಿ. ಮನೆಯಲ್ಲಿ ತಂಗಿಯ ಕಾಲೇಜಿನ ಶುಲ್ಕ, ಮಾಡಿನ ಹಂಚು, ತಾಯಿಯ ಕನ್ನಡಕ ಇವುಗಳ ಪಕ್ಕದಲ್ಲಿ ಈ ಅಂಕೆಯನ್ನು ಇಟ್ಟು ನೋಡಬೇಕು.

ದುಡ್ಡು ಹೋಗುವುದಕ್ಕಿಂತಲೂ ಸೂಕ್ಷ್ಮವಾದ ಇನ್ನೊಂದು ಹಾನಿಯಿದೆ. ಅದನ್ನು ಅಂಗಡಿಯವರು ಹೇಳುವುದಿಲ್ಲ. ಸಾವಿರ ರೂಪಾಯಿಯ ಎರೆಯನ್ನು ಕಟ್ಟಿದವನ ಕೈ ನಡುಗುತ್ತದೆ. ಕಲ್ಲಿನ ಬುಡಕ್ಕೆ ಎಸೆಯಬೇಕಾದುದನ್ನು ಅವನು ನಾಲ್ಕು ಗಜ ಈಚೆಗೆ ಎಸೆಯುತ್ತಾನೆ. ಆಳಕ್ಕೆ ಇಳಿಯಬಿಡಬೇಕಾದುದನ್ನು ಅವಸರದಿಂದ ಸುತ್ತಿಕೊಳ್ಳುತ್ತಾನೆ. ಇಡೀ ದಿನ ಅವನು ಕಾಯುವುದು ಎರೆಯನ್ನು, ಮೀನನ್ನಲ್ಲ. ಪಕ್ಕದ ಬಂಡೆಯಲ್ಲಿ ಸೀಸದ ತಲೆಗೆ ರಬ್ಬರಿನ ಮೀನನ್ನು ಚುಚ್ಚಿ ನಿಂತ ಕೋಳಿಯರ ಹುಡುಗ, ಹೋದರೆ ಹೋಗಲೆಂದು ನೇರವಾಗಿ ಸಂದಿಗೇ ಬಿಡುತ್ತಾನೆ. ಸಂಜೆ ಚೀಲ ತುಂಬುವುದು ಯಾರದೆಂಬುದನ್ನು ಊಹಿಸಿಕೊಳ್ಳಬಹುದು. ಇದೇ ಹೊತ್ತಿಗೆ ಹೇಳಿಬಿಡುತ್ತೇವೆ: ಸಿಕ್ಕಿಕೊಂಡ ಎರೆಯನ್ನು ಬಿಡಿಸಿಕೊಳ್ಳಲೆಂದು ಅಲೆ ಬಡಿಯುವ ಬಂಡೆಯಿಂದ ಕೆಳಗಿಳಿಯುವವರಿದ್ದಾರೆ. ಮಳೆಗಾಲದಲ್ಲಿ ಈ ಸಾಹಸವು ಪ್ರಾಣಕ್ಕೆ ಬರುತ್ತದೆ. ಎರೆಯ ಬೆಲೆ ಹೆಚ್ಚಿದಷ್ಟೂ ಇಳಿಯುವ ಆಸೆಯೂ ಹೆಚ್ಚು.

ಒಂದೇ ಎರೆಯನ್ನು ನಂಬಿಕೊಂಡಿರುವುದೂ ಜಾಣತನವಲ್ಲ. ಹಾಲೆಂಡಿನ ಬೋಕೆಮಾ ಎಂಬ ವಿಜ್ಞಾನಿಯು ೧೯೭೦ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತಿರುಗುವ ಲೋಹದ ಎರೆಗೆ ಒಮ್ಮೆ ಸಿಕ್ಕಿ ಬಿಡುಗಡೆಯಾದ ಪೈಕ್ ಎಂಬ ಬೇಟೆಮೀನು ಮತ್ತೆ ಅಂತಹ ಎರೆಯ ಹತ್ತಿರ ಸುಳಿಯುವುದು ತೀರ ಕಡಿಮೆಯಾಯಿತು. ಜೀವಂತ ಮೀನಿನ ಎರೆಗಾದರೆ ಅದು ಅಂತಹ ಎಚ್ಚರವನ್ನು ಕಲಿಯಲಿಲ್ಲ. ಹೆಚ್ಚು ಜನ ಗಾಳ ಹಾಕುವ ಕೆರೆಗಳಲ್ಲಿ, ಕಡಲಬಂಡೆಗಳಲ್ಲಿ ಇದರ ಅರ್ಥ ಸ್ಪಷ್ಟ: ಮೀನು ಕಂಡರಿಯದ ಆಕಾರ ಬೇಕು. ಬೇರೆ ಬೇರೆ ನಡಿಗೆಯ ಆರು ಅಗ್ಗದ ಎರೆಗಳು ಡಬ್ಬಿಯಲ್ಲಿರುವವನು ಒಂದೇ ದುಬಾರಿ ಎರೆಯವನಿಗಿಂತ ಅಲ್ಲಿ ಮೇಲು.

ಇಷ್ಟಾದರೂ ತೀರ ಅಗ್ಗದ್ದನ್ನೇ ಕೊಳ್ಳಿರೆಂದು ನಾವು ಹೇಳುವುದಿಲ್ಲ. ವಾರಕ್ಕೆ ಒಂದೇ ರಜೆಯುಳ್ಳವನಿಗೆ ಹಣಕ್ಕಿಂತ ಅಪರೂಪವಾದುದು ಆ ದಿನ. ಬೆಳಗ್ಗೆ ನಾಲ್ಕಕ್ಕೆದ್ದು, ಮೊದಲ ಲೋಕಲ್ ಹಿಡಿದು, ಭರತದ ನೀರು ಏರುವ ಎರಡು ಗಂಟೆಗಳಿಗಾಗಿ ಹೋದವನ ಎರೆ ಸರಿಯಾಗಿ ಈಜದಿದ್ದರೆ ಉಳಿಸಿದ ೩೦೦ ರೂಪಾಯಿಯಿಂದ ಏನು ಬಂತು? ಆದುದರಿಂದ ಡಬ್ಬಿಯಲ್ಲಿ ನಂಬಿಗಸ್ತ ಎರೆ ಒಂದೋ ಎರಡೋ ಇರಲಿ, ೫೦೦, ೬೦೦ ರೂಪಾಯಿಯ ಒಳಗಿನವು. ಅವನ್ನು ಕಲ್ಲಿಲ್ಲದ ಮರಳು ತಳದಲ್ಲಿ, ತಿಳಿನೀರಿನಲ್ಲಿ, ದೂರಕ್ಕೆ ಎಸೆಯಬೇಕಾದಾಗ ಬಳಸಬೇಕು. ಕಲ್ಲಿಗೆ ಸೀಸದ ತಲೆಯ ರಬ್ಬರ್ ಎರೆ ಅಥವಾ ಲೋಹದ ಚಮಚ. ಹಣ ಸುರಿಯಲೇಬೇಕೆಂಬ ಉತ್ಸಾಹವಿದ್ದರೆ ಒಳ್ಳೆಯ ಗಾಳ, ಒಳ್ಳೆಯ ಬಳೆ, ಒಳ್ಳೆಯ ದಾರ, ಈ ಮೂರರ ಮೇಲೆ ಸುರಿಯಲಿ. ಅಂಡಮಾನಿನ ಕಡಲಿಗೆ ಹೋಗಿ ಮೂವತ್ತು ಕಿಲೋವಿನ ಟ್ರೆವಾಲಿಯೊಡನೆ ಸೆಣಸುವವರಿಗೆ ಮಾತ್ರ ಬೇರೆ ನ್ಯಾಯ. ಅಲ್ಲಿ ಅಗ್ಗದ ಎರೆ ಒಂದೇ ಹೊಡೆತಕ್ಕೆ ಚೂರಾಗುತ್ತದೆ.

ಮುಂಬಯಿಯಾಚೆಯ ವಾಚಕರಿಗೂ ಒಂದೆರಡು ಮಾತು. ಹೈದರಾಬಾದಿನ ಕೆರೆಗಳಲ್ಲಿ ಸಿಗುವ ಕೊರವ ಮೀನಿಗೆ ರಬ್ಬರಿನ ಕಪ್ಪೆಯೇ ಸಾಕು. ಅದರ ಗಾಳದ ಮೊನೆ ಮೈಗೆ ಒತ್ತಿಕೊಂಡಿರುವುದರಿಂದ ತಾವರೆ, ಜೊಂಡುಗಳ ಮೇಲೆ ಎಳೆದರೂ ಸಿಕ್ಕಿಕೊಳ್ಳುವುದಿಲ್ಲ. ಕಳೆದುಹೋಗುವ ಭಯ ಕಡಿಮೆಯಾದುದರಿಂದ ಇಲ್ಲಿ ಒಂದಿಷ್ಟು ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಪುಣೆಯವರು ಜಲಾಶಯಗಳಿಗೆ, ಇಲ್ಲಿಯವರು ಪವಾಯಿ ಕೆರೆಗೆ ಹೋಗುವ ಮೊದಲು ಅಪ್ಪಣೆಯ ವಿಷಯವನ್ನು ವಿಚಾರಿಸಿಕೊಳ್ಳಬೇಕು. ಚೆನ್ನೈಯವರ ಕಡಲ ನೀರು ನಮ್ಮ ಖಾಡಿಗಿಂತ ತಿಳಿ. ಅಲ್ಲಿ ಬಣ್ಣಕ್ಕೂ ಸ್ವಲ್ಪ ಬೆಲೆಯುಂಟು. ಬೆಳ್ಳಿಯ ಹೊಟ್ಟೆ, ಕಡುನೀಲಿ ಬೆನ್ನು, ಅಂದರೆ ಬೂತಾಯಿಯ ಬಣ್ಣ, ತಪ್ಪುವುದು ಕಡಿಮೆ.

ಕಡಲಿನಿಂದ ಹಿಂದಿರುಗಿದವರು ಎಷ್ಟೇ ದಣಿದಿದ್ದರೂ ಎರೆಗಳನ್ನು ಅದೇ ರಾತ್ರಿ ಸಿಹಿನೀರಿನಲ್ಲಿ ತೊಳೆದು, ಬಟ್ಟೆಯಿಂದ ಒರಸಿ, ಗಾಳಗಳಿಗೆ ಒಂದು ತೊಟ್ಟು ಎಣ್ಣೆ ಸವರಿ, ಪೂರ್ತಿ ಒಣಗಿದ ಮೇಲೆ ಡಬ್ಬಿಗೆ ಹಾಕಬೇಕು. ಕೋಣೆಯಲ್ಲಿ ಹತ್ತು ಮಂದಿ ಮಲಗುವಲ್ಲಿ ಡಬ್ಬಿಯ ಮುಚ್ಚಳ ಭದ್ರವಾಗಿರಲಿ. ಮೂರು ಮೊನೆಯ ಗಾಳ ಕತ್ತಲಲ್ಲಿ ಯಾರ ಕಾಲಿಗೆ ಹೊಕ್ಕರೂ ವೈದ್ಯರೇ ತೆಗೆಯಬೇಕಾದೀತು.